ಗಿಡ ಸೊಂಪಾಗಿದೆ, ಹೂವೇ ಇಲ್ಲ: ಮಲ್ಲಿಗೆ, ಗಂಧರಾಜ, ಮಧುಕಾಮಿನಿ, ರಾತ್ರಿರಾಣಿ

ಇಬ್ಬನಿ:
ಪರಿಮಳದ ನಾಲ್ಕು ಗಿಡಗಳ ಬಗ್ಗೆ ಒಟ್ಟಿಗೇ ಕೇಳುತ್ತಿದ್ದೇನೆ. ಎಲ್ಲವೂ 12 ಇಂಚಿನ ಕುಂಡದಲ್ಲಿವೆ, ವಯಸ್ಸು ಎರಡು ವರ್ಷ. ದುಂಡುಮಲ್ಲಿಗೆ ಉದ್ದುದ್ದ ಬಳ್ಳಿ ಬಿಡುತ್ತದೆ, ಮೊಗ್ಗು ನಾಲ್ಕೋ ಐದೋ. ಗಂಧರಾಜಕ್ಕೆ ಮೊಗ್ಗು ಕಟ್ಟುತ್ತದೆ, ಕಡಲೆ ಗಾತ್ರಕ್ಕೆ ಬಂದ ಮೇಲೆ ಉದುರುತ್ತದೆ, ಹೊಸ ಎಲೆಗಳು ಹಳದಿ. ಮಧುಕಾಮಿನಿ ಕಡು ಹಸಿರು, ಒಂದು ಹೂವೂ ಇಲ್ಲ. ರಾತ್ರಿರಾಣಿ ಒಂದು ಸಲ ಹೂ ಬಿಟ್ಟು ಸುಮ್ಮನಾಗಿದೆ. ಬೆಳಿಗ್ಗೆ ಮೂರು ಗಂಟೆ ಬಿಸಿಲು ಬೀಳುತ್ತದೆ. ದಿನಾ ನೀರು, ಹದಿನೈದು ದಿನಕ್ಕೊಮ್ಮೆ ಒಂದು ಚಮಚ ಯೂರಿಯಾ. ಯಾವ ಗೊಬ್ಬರ ಕೊಟ್ಟರೆ ಹೂ ಬರುತ್ತದೆ?

ಹಸಿರುಕತ್ತರಿ:
ಗೊಬ್ಬರದ ಮಾತು ಆಮೇಲೆ. ಮೊದಲು ಪ್ರತಿ ಗಿಡವೂ ಹೂವನ್ನು ಎಲ್ಲಿ ಬಿಡುತ್ತದೆ ಎಂದು ನೋಡಿಕೊಳ್ಳಬೇಕು. ಅದು ತಿಳಿದರೆ ಕತ್ತರಿ ಯಾವಾಗ ಹಿಡಿಯಬೇಕು, ಯಾವಾಗ ಹಿಡಿಯಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಮಲ್ಲಿಗೆಯಿಂದ ಶುರು ಮಾಡುತ್ತೇನೆ.

ದುಂಡುಮಲ್ಲಿಗೆ ಹೂ ಬಿಡುವುದು ಆಯಾ ಹಂಗಾಮಿನ ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಬಳ್ಳಿ ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ. ತುದಿಗಳು ಎಷ್ಟೋ ಹೂವಿನ ಗೊಂಚಲುಗಳು ಅಷ್ಟು. ಒಂದು ಚಿಗುರನ್ನು ಹತ್ತಿರದಿಂದ ನೋಡಿ: ಹೂ ಬಿಡುವ ಚಿಗುರು ಗಿಡ್ಡ, ಮೂರೋ ನಾಲ್ಕೋ ಜೋಡಿ ಎಲೆ ಬಿಟ್ಟು ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು ಇಡುತ್ತದೆ, ನಡುವಿನದು ಮೊದಲು ಅರಳುತ್ತದೆ. ಹೂ ಬಿಡದ ಚಿಗುರು ಉದ್ದ, ಗೆಣ್ಣಿನಿಂದ ಗೆಣ್ಣಿಗೆ ದೂರ, ತುದಿ ಏನಾದರೂ ಸಿಕ್ಕರೆ ಸುತ್ತಿಕೊಳ್ಳಲು ಹುಡುಕುತ್ತಿರುತ್ತದೆ. ನಿಮ್ಮ ಗಿಡದಲ್ಲಿರುವುದು ಈ ಎರಡನೆಯ ಬಗೆ. ಬಿಸಿಲು ಸಾಲದು, ಯೂರಿಯಾದಿಂದ ಸಾರಜನಕ ಹೆಚ್ಚು, ಕೊಂಬೆ ಸವರಿಲ್ಲ. ಮೂರೂ ಸೇರಿದಾಗ ಹೀಗೇ ಆಗುತ್ತದೆ.

ಮಲ್ಲಿಗೆಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಮೂರು ಗಂಟೆಯಲ್ಲಿ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ. ಇದಕ್ಕೆ ಯಾವ ಗೊಬ್ಬರವೂ ಬದಲಿ ಅಲ್ಲ.

ಸವರುವ ಕ್ರಮ ಹೀಗೆ. ಚಳಿಗಾಲದಲ್ಲಿ ಗಿಡ ಮಂದವಾದಾಗ ಎಂಟು ಹತ್ತು ದಿನ ನೀರು ಕಡಿಮೆ ಮಾಡಿ, ಮೇಲ್ಮಣ್ಣು ಚೆನ್ನಾಗಿ ಒಣಗಲಿ. ಒಣಗಿದ ಕಡ್ಡಿ, ಬೆಂಕಿಕಡ್ಡಿಗಿಂತ ಸಪೂರವಾದ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ ಇವನ್ನೆಲ್ಲ ಬುಡಸಮೇತ ತೆಗೆಯಿರಿ. ಉಳಿಯುವ ಐದಾರು ಗಟ್ಟಿ ಕೊಂಬೆಗಳನ್ನು, ನೆಲದ ಗಿಡವಾದರೆ 45–50 ಸೆಂ.ಮೀ. ಎತ್ತರಕ್ಕೆ, ಕುಂಡದ್ದಾದರೆ 30 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ. ಕತ್ತರಿ ಗೆಣ್ಣಿನಿಂದ ಅರ್ಧ ಸೆಂ.ಮೀ. ಮೇಲೆ ಬೀಳಬೇಕು. ಹೆಚ್ಚು ಮೇಲೆ ಬಿಟ್ಟರೆ ಆ ಮೋಟು ಒಣಗಿ ಕೆಳಗಿನ ಚಿಗುರುಕಣ್ಣಿನವರೆಗೂ ಕೊಳೆ ಇಳಿಯುತ್ತದೆ. ಉಳಿದ ಎಲೆಗಳನ್ನೂ ಕಿತ್ತುಬಿಡಿ. ಬೋಳಾದ ಗಿಡ ನೋಡಿ ಹೆದರಬೇಡಿ, ಎರಡು ಮೂರು ವಾರದಲ್ಲಿ ಪ್ರತಿ ಗೆಣ್ಣಿನಿಂದಲೂ ಜೋಡಿ ಚಿಗುರು ಬರುತ್ತದೆ. ಒಂದು ತುದಿ ಇದ್ದ ಕಡೆ ಎರಡು.

ಆ ಮೇಲೂ ಪ್ರತಿ ಸುತ್ತು ಹೂ ಮುಗಿದ ಕೂಡಲೇ ಗೊಂಚಲಿನಿಂದ ಎರಡು ಗೆಣ್ಣು ಕೆಳಗೆ ಚಿವುಟುತ್ತಾ ಹೋಗಿ. ಬಹಳ ಜನ ವರ್ಷಕ್ಕೊಮ್ಮೆ ಸವರಿ ಕೈಬಿಡುತ್ತಾರೆ. ಎರಡನೇ, ಮೂರನೇ ಸುತ್ತಿನ ಹೂ ಬರುವುದು ಈ ಚಿವುಟುವಿಕೆಯಿಂದ.

ತಾರಸಿಬೆಳಕು:
ಏಳು ಸುತ್ತಿನ ಮಲ್ಲಿಗೆಗೂ ಇದೇ ಕ್ರಮವೇ? ಗುಲಾಬಿಯ ಹಾಗೆ ಎಸಳು ತುಂಬಿದ ಬಗೆ.

ಹಸಿರುಕತ್ತರಿ:
ಅದಕ್ಕೆ ಅಷ್ಟು ಗಿಡ್ಡವಾಗಿ ಸವರಬೇಡಿ. ಅದು ನೆಟ್ಟಗೆ, ನಿಧಾನಕ್ಕೆ ಬೆಳೆಯುವ ಗಿಡ, ಕೊಂಬೆಗಳೂ ಕಡಿಮೆ. ಹೂ ಮುಗಿದ ತುದಿಯನ್ನು ಒಂದೆರಡು ಗೆಣ್ಣು ಚಿವುಟಿದರೆ ಸಾಕು. ಅರ್ಧಕ್ಕೆ ಕತ್ತರಿಸಿದರೆ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ.

ಮಣ್ಣಿನಮಾತು:
ಯೂರಿಯಾ ಇವತ್ತೇ ನಿಲ್ಲಿಸಿ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ರಂಜಕ ಇಲ್ಲ, ಪೊಟ್ಯಾಷ್ ಇಲ್ಲ. 12 ಇಂಚಿನ ಕುಂಡದಲ್ಲಿ ಹಿಡಿಯುವುದು ಸುಮಾರು 15 ಲೀಟರ್ ಮಣ್ಣು. ಅಷ್ಟಕ್ಕೆ ಪ್ರತಿಸಲ ಒಂದು ಚಮಚ ಎಂದರೆ ಗಿಡಕ್ಕೆ ಎಲೆ ಬಿಡು ಎಂದು ಹೇಳಿದ ಹಾಗೆ. ಚಿಗುರು ಮೆತ್ತಗಾಗಿ ಹೇನು, ನುಸಿ, ಬಿಳಿ ನೊಣ ಎಲ್ಲವೂ ಮುತ್ತುತ್ತವೆ.

ಕುಂಡದ ಹೊರಮೈಯಲ್ಲಿ ಅಥವಾ ಮಣ್ಣಿನ ಮೇಲೆ ಬಿಳಿ ಪುಡಿಯ ಕಟ್ಟು ಇದ್ದರೆ ಉಪ್ಪು ಶೇಖರವಾಗಿದೆ ಎಂದರ್ಥ. ಆ ಪದರ ಕೆರೆದು ತೆಗೆದು, ಕುಂಡದ ಗಾತ್ರದ ಎರಡರಷ್ಟು, ಅಂದರೆ ಸುಮಾರು 30 ಲೀಟರ್ ನೀರನ್ನು ನಿಧಾನವಾಗಿ ಹಾಯಿಸಿ ತಳದಿಂದ ಹೊರಗೆ ಹೋಗಲು ಬಿಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಇಲ್ಲದಿದ್ದರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ.

ಆಮೇಲೆ ಕೊಡಬೇಕಾದದ್ದು: ಸವರಿದ ದಿನ ಎರಡು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಜೊತೆಗೆ 50 ಗ್ರಾಂ ಬೇವಿನ ಹಿಂಡಿ. ಚಿಗುರು ಎರಡು ಬೆರಳು ಉದ್ದ ಬಂದ ಮೇಲೆ ನೀರಿನಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು) ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ, ಒದ್ದೆ ಮಣ್ಣಿಗೆ. ಮೊಗ್ಗಿನ ತುದಿ ಕಂಡ ಕೂಡಲೇ ಅದನ್ನು ಬಿಟ್ಟು 0:0:50 (ಆ ಮೂರರಲ್ಲಿ ಪೊಟ್ಯಾಷ್ ಮಾತ್ರ), ಅದೇ ಪ್ರಮಾಣ, ಎರಡು ಸಲ. ಅಷ್ಟೇ. ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಿದರೆ ಸಣ್ಣ ಬೇರುಗಳು ಸುಡುತ್ತವೆ, ಎಲೆಯ ಅಂಚು ಕಂದಾಗುವುದು ಅದರಿಂದ.

ಎಲುಬಿನ ಪುಡಿಯ ಬಗ್ಗೆ ಒಂದು ಮಾತು. ರಸಸಾರ (ಹುಳಿ, ಕ್ಷಾರ ತೋರಿಸುವ ಪಿಎಚ್ ಅಳತೆ) 7 ದಾಟಿದ ಮಣ್ಣಿನಲ್ಲಿ ಅದರ ರಂಜಕ ಬಿಡುಗಡೆಯಾಗುವುದೇ ಕಷ್ಟ. ಹೂವಿಗೆ ಒಳ್ಳೆಯದು ಎಂದು ಹಿಡಿ ಹಿಡಿ ಹಾಕಿದರೆ ಅದರ ಸುಣ್ಣದಂಶ ಮಾತ್ರ ಉಳಿಯುತ್ತದೆ. ಗಂಧರಾಜಕ್ಕಂತೂ ಬೇಡವೇ ಬೇಡ, ಬೂದಿಯೂ ಬೇಡ.

ಬೇರುಮಟ್ಟ:
ಗಂಧರಾಜದ ಹಳದಿಗೆ ಬರೋಣ. ಯಾವ ಎಲೆ ಹಳದಿ ಎಂಬುದೇ ಇಲ್ಲಿ ಮುಖ್ಯ, ಎಲ್ಲ ಹಳದಿಯೂ ಒಂದಲ್ಲ.

ತುದಿಯ ಹೊಸ ಎಲೆ ಹಳದಿ, ನರಗಳು ಮಾತ್ರ ಹಸಿರು ಬಲೆಯ ಹಾಗೆ: ಕಬ್ಬಿಣದ ಕೊರತೆ. ಕೆಳಗಿನ ಹಳೆಯ ಎಲೆಯಲ್ಲಿ ನರಗಳ ನಡುವೆ ಹಳದಿ, ತೊಟ್ಟಿನ ಕಡೆ ಹಸಿರು ಉಳಿದಿದ್ದರೆ: ಮೆಗ್ನೀಷಿಯಂ. ಹಳೆಯ ಎಲೆ ಪೂರ್ತಿ ಒಂದೇ ಸಮ ಹಳದಿ: ಸಾರಜನಕ. ವರ್ಷಕ್ಕೊಂದು ಸಲ ಹೊಸ ಚಿಗುರು ಬರುವ ಮುಂಚೆ ಒಳಗಿನ ಕೆಲವು ಹಳೆ ಎಲೆಗಳು ಹಳದಿಯಾಗಿ ಉದುರುವುದು ಗಿಡದ ಸ್ವಭಾವ, ಅದಕ್ಕೆ ಔಷಧಿ ಬೇಡ. ನೀವು ಹೇಳಿದ್ದು ಮೊದಲನೆಯದು.

ಕಬ್ಬಿಣ ಮಣ್ಣಿನಲ್ಲಿ ಇಲ್ಲ ಎಂದಲ್ಲ. ಇದೆ, ಗಿಡಕ್ಕೆ ಎಟುಕುತ್ತಿಲ್ಲ. ಗಂಧರಾಜಕ್ಕೆ ರಸಸಾರ 5ರಿಂದ 6ರ ಒಳಗೆ ಬೇಕು. 7ರ ಮೇಲೆ ಹೋದರೆ ಕಬ್ಬಿಣ ಕರಗದ ರೂಪಕ್ಕೆ ತಿರುಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ, ಹುಳಿ ಮಣ್ಣಿನಲ್ಲಿ ನೆಟ್ಟ ಗಿಡಕ್ಕೂ ದಿನಾ ಅದನ್ನೇ ಹಾಕಿದರೆ ಕೆಲವು ತಿಂಗಳಲ್ಲಿ ಮಣ್ಣು ಕ್ಷಾರವಾಗುತ್ತದೆ. ಮಣ್ಣು ಸದಾ ಕೆಸರಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ, ಉಸಿರಾಡದ ಬೇರು ಕಬ್ಬಿಣ ಎಳೆದುಕೊಳ್ಳುವುದಿಲ್ಲ. ಹಾಗಾಗಿ ಕಬ್ಬಿಣ ಕೊಡುವ ಮುಂಚೆ ಬೆರಳನ್ನು ಎರಡು ಗೆಣ್ಣು ಆಳಕ್ಕೆ ಇಳಿಸಿ ನೋಡಿ. ತೇವ ತಗುಲಿದರೆ ಅವತ್ತು ನೀರು ಬೇಡ.

ಮನೆಯಲ್ಲೇ ಮಾಡುವ ಪರೀಕ್ಷೆ: ಕುಂಡದ ಮಣ್ಣು ಒಂದು ಚಮಚ ತೆಗೆದು ಪೂರ್ತಿ ಒಣಗಿಸಿ, ಅದರ ಮೇಲೆ ಬಿಳಿ ವಿನೆಗರ್ ನಾಲ್ಕು ಹನಿ ಬಿಡಿ. ಕಿವಿಯ ಹತ್ತಿರ ಹಿಡಿದರೆ ಚುರುಗುಟ್ಟುವ ಸದ್ದು, ಕಣ್ಣಿಗೆ ಸಣ್ಣ ನೊರೆ. ಅಷ್ಟು ಕಂಡರೆ ಮಣ್ಣಿನಲ್ಲಿ ಸುಣ್ಣವಿದೆ. ಅಂಥ ಮಣ್ಣನ್ನು ಹುಳಿ ಮಾಡಲು ಹೋಗುವುದು ವ್ಯರ್ಥ ಪ್ರಯತ್ನ, ಮಣ್ಣನ್ನೇ ಬದಲಿಸಿ. ಬೆರೆಸುವ ಮರಳಿಗೂ ಇದೇ ಪರೀಕ್ಷೆ ಮಾಡಿ, ಚಿಪ್ಪಿನ ಚೂರು ಇರುವ ಮರಳು ಸದ್ದಿಲ್ಲದೆ ಗಂಧರಾಜವನ್ನು ಕೆಡಿಸುತ್ತದೆ.

ನೊರೆ ಬರದಿದ್ದರೆ ಗಂಧಕದ ಪುಡಿ 12 ಇಂಚಿನ ಕುಂಡಕ್ಕೆ 5 ಗ್ರಾಂ, ಮೇಲಿನ ಎರಡು ಇಂಚು ಮಣ್ಣಿಗೆ ಬೆರೆಸಿ. ಇದನ್ನು ಹುಳಿಯಾಗಿಸುವುದು ಮಣ್ಣಿನ ಬ್ಯಾಕ್ಟೀರಿಯಾ. ಬೆಚ್ಚಗೆ, ತೇವವಾಗಿದ್ದರೆ ಎರಡು ಮೂರು ತಿಂಗಳು ಬೇಕು. ಪರಿಣಾಮ ಕಾಣಲಿಲ್ಲ ಎಂದು ಹದಿನೈದು ದಿನಕ್ಕೆ ಮತ್ತೆ ಹಾಕಬೇಡಿ.

ಅಷ್ಟರವರೆಗೆ ಗಿಡಕ್ಕೆ ಕಬ್ಬಿಣ ಬೇಕಲ್ಲ. ಚೀಲೇಟ್ (ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಗೊಬ್ಬರ) ಕೊಳ್ಳುವಾಗ, ಹಿಡಿದಿಡುವ ವಸ್ತು ಯಾವುದು, ಪೊಟ್ಟಣದ ಮೇಲೆ ಇಡಿಟಿಎ ಇದೆಯೋ ಇಡಿಡಿಎಚ್‌ಎ ಇದೆಯೋ ನೋಡಿ. ಇಡಿಟಿಎ ರಸಸಾರ ಸುಮಾರು 6.5ರ ಮೇಲೆ ಕಬ್ಬಿಣದ ಮೇಲಿನ ಹಿಡಿತ ಬಿಡುತ್ತದೆ, ಕ್ಷಾರ ಮಣ್ಣಿಗೆ ಸುರಿದರೆ ದಂಡ, ಎಲೆಗೆ ಸಿಂಪಡಿಸಲು ಮಾತ್ರ ಆದೀತು. ಇಡಿಡಿಎಚ್‌ಎ ರಸಸಾರ 9ರವರೆಗೂ ತಡೆದುಕೊಳ್ಳುತ್ತದೆ. ಅದರ ನೀರು ಕಡು ಕೆಂಪಗಿರುತ್ತದೆ, ಗುರುತಿಗೆ ಅದೇ ಸಾಕು. 1 ಗ್ರಾಂ ಒಂದು ಲೀಟರಿಗೆ ಕರಗಿಸಿ ಒದ್ದೆ ಮಣ್ಣಿಗೆ, ಸಂಜೆ ಹಾಕಿ, ಬೆಳಕು ಬಿದ್ದರೆ ಚೀಲೇಟ್ ಒಡೆಯುತ್ತದೆ. ಮೊದಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗದೆ ಇರಬಹುದು, ಮುಂದಿನ ಜೋಡಿ ಎಲೆ ಹೇಗೆ ಬರುತ್ತದೆ ಎಂದು ನೋಡಿ ನಿರ್ಧರಿಸಿ.

ತಾರಸಿಬೆಳಕು:
ಕಾಫಿ ಚರಟ, ನಿಂಬೆರಸ, ವಿನೆಗರ್ ನೀರು ಹಾಕಿದರೆ ಹುಳಿಯಾಗುತ್ತದೆ ಎನ್ನುತ್ತಾರಲ್ಲ? ಮತ್ತೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಅಗ್ಗವಾಗಿ ಸಿಗುತ್ತದೆ, ಅದು ಆಗದೇ?

ಬೇರುಮಟ್ಟ:
ಕಾಫಿ ಸೋಸಿದ ಚರಟದಲ್ಲಿ ಹುಳಿ ಬಹುಪಾಲು ನೀರಿನಲ್ಲೇ ಇಳಿದುಹೋಗಿರುತ್ತದೆ, ಉಳಿದದ್ದು ಹೆಚ್ಚುಕಡಿಮೆ ತಟಸ್ಥ. ದಪ್ಪಗೆ ಹರಡಿದರೆ ಹೆಪ್ಪುಗಟ್ಟಿ ನೀರೇ ಇಳಿಯುವುದಿಲ್ಲ. ಕಾಂಪೋಸ್ಟಿಗೆ ಹಾಕಿ. ನಿಂಬೆ, ವಿನೆಗರ್‌ಗಳ ಹುಳಿಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕೆಲವೇ ದಿನದಲ್ಲಿ ತಿಂದು ಮುಗಿಸುತ್ತವೆ, ಮಣ್ಣು ಹುಳಿಯಾಗಿ ನಿಲ್ಲುವುದಿಲ್ಲ. ಆದರೆ ಗಡಸು ನೀರಿನ ಬೈಕಾರ್ಬೊನೇಟನ್ನು ಕುಂಡಕ್ಕೆ ಹೋಗುವ ಮುಂಚೆಯೇ ಕಳೆಯಲು ಸಿಟ್ರಿಕ್ ಆಮ್ಲ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ರಸಸಾರ ಪಟ್ಟಿಯಿಂದ ಅಳೆಯುತ್ತಾ, ಬಕೆಟ್ಟಿನ ನೀರು 6ರ ಹತ್ತಿರ ಬರುವವರೆಗೆ ಚಿಟಿಕೆ ಚಿಟಿಕೆಯಾಗಿ ಸೇರಿಸಿ. ಮಳೆನೀರು ಹಿಡಿದಿಡಲು ಆಗುವುದಾದರೆ ಇದಾವುದೂ ಬೇಡ.

ಅನ್ನಭೇದಿ ಎಲೆಗೆ ಆಗುತ್ತದೆ: ಲೀಟರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ. ಮೊದಲು ಆಮ್ಲ ಕರಗಿಸಿ, ಆಮೇಲೆ ಅನ್ನಭೇದಿ. ಆಮ್ಲ ಇಲ್ಲದೆ ಗಡಸು ನೀರಿಗೆ ಹಾಕಿದರೆ ನೀರು ಕಂದು ತಿರುಗಿ ತಳದಲ್ಲಿ ತುಕ್ಕು ಕೂರುತ್ತದೆ, ಅದನ್ನು ಸಿಂಪಡಿಸಿ ಫಲವಿಲ್ಲ. ಗಂಧರಾಜದ ಎಳೆ ಎಲೆ ಸೂಕ್ಷ್ಮ, ಮೊದಲ ಸಲ ಅರ್ಧ ಪ್ರಮಾಣದಲ್ಲಿ ಒಂದು ಕೊಂಬೆಗೆ ಹೊಡೆದು ಮೂರು ದಿನ ಕಾಯಿರಿ. ಗೋಡೆ, ನೆಲದ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ.

ಇಬ್ಬನಿ:
ವಿನೆಗರ್ ಹಾಕಿ ನೋಡಿದೆ, ನೊರೆ ಬಂತು. ಹಾಗಾದರೆ ಮಣ್ಣು ಬದಲಿಸಬೇಕು. ಮೊಗ್ಗು ಉದುರುವುದೂ ಇದರಿಂದಲೇನಾ?

ಬೇರುಮಟ್ಟ:
ಪಾಲು ಇದೆ, ಪೂರ್ತಿ ಕಾರಣ ಅಲ್ಲ. ಗಂಧರಾಜದ ಮೊಗ್ಗು ಅರಳಲು ಹಲವು ವಾರ ತೆಗೆದುಕೊಳ್ಳುತ್ತದೆ. ಆ ಅವಧಿಯಲ್ಲಿ ಒಂದು ಸಲ ಮಣ್ಣು ಕಾದು ಒಣಗಿ, ಮರುದಿನ ಕೆಸರಾದರೆ ಸಾಕು, ಗಿಡ ಮೊದಲು ಕೈಬಿಡುವುದು ಮೊಗ್ಗನ್ನು. ರಾತ್ರಿ 15–18 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮೊಗ್ಗು ಚೆನ್ನಾಗಿ ಕಟ್ಟಿ ನಿಲ್ಲುತ್ತದೆ, ರಾತ್ರಿಯೂ 21 ಡಿಗ್ರಿ ದಾಟುವ ಸೆಕೆಯಲ್ಲಿ ಉದುರುವುದು ಜಾಸ್ತಿ. ಒಣಗಾಳಿ, ಕಡಿಮೆ ಬೆಳಕು, ಮೊಗ್ಗು ಇರುವಾಗ ಕುಂಡವನ್ನು ಜಾಗ ಬದಲಿಸುವುದು, ಇವೂ ಕಾರಣಗಳು.

ಹಾಗಾಗಿ ಮೊಗ್ಗು ಕಂಡ ಮೇಲೆ ಕುಂಡ ಕದಲಿಸಬೇಡಿ, ತಿರುಗಿಸಲೂ ಬೇಡಿ. ಬೆಳಗಿನ ನಾಲ್ಕೈದು ಗಂಟೆ ಬಿಸಿಲು, ಮಧ್ಯಾಹ್ನ ನೆರಳು ಸಿಗುವ ಜಾಗ ಮೊದಲೇ ಹುಡುಕಿ. ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆಯ ಹೊದಿಕೆ ಹಾಸಿ, ಕಾಂಡಕ್ಕೆ ತಾಗದ ಹಾಗೆ. ಸವರುವುದಾದರೆ ಹೂ ಮುಗಿದ ತಕ್ಷಣ ಮಾತ್ರ. ಮುಂದಿನ ಮೊಗ್ಗು ಕೂರುವುದು ಆಮೇಲೆ ಬೆಳೆದ ಕೊಂಬೆಗಳ ತುದಿಯಲ್ಲಿ, ಮಲ್ಲಿಗೆಯ ಜೊತೆಗೇ ಇದನ್ನೂ ಸವರಿಬಿಟ್ಟರೆ ಆ ವರ್ಷದ ಹೂ ಕತ್ತರಿಯ ಪಾಲು.

ಹೊಸ ಮಣ್ಣಿಗೆ: ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಎಲೆಗೊಬ್ಬರ ಒಂದು, ಎರೆಗೊಬ್ಬರ ಒಂದು, ಸುಣ್ಣವಿಲ್ಲದ ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಹರಳು) ಒಂದು. ಕೊಕೊಪೀಟನ್ನು ಮೂರು ನೀರಿನಲ್ಲಿ ತೊಳೆಯಿರಿ, ಅದರಲ್ಲಿ ಉಪ್ಪಿರುತ್ತದೆ. ಪೂರ್ತಿ ಒಣಗಲು ಬಿಡಬೇಡಿ, ಒಣಗಿದರೆ ಅದು ನೀರನ್ನು ಒಳಗೆ ಬಿಡುವುದೇ ಇಲ್ಲ, ಸುರಿದದ್ದೆಲ್ಲ ಕುಂಡದ ಬದಿಯಿಂದ ಇಳಿದುಹೋಗುತ್ತದೆ. ತಳದಿಂದ ನೀರು ಬಂತೆಂದು ನಾವು ಸಮಾಧಾನ ಪಡುತ್ತೇವೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಅಂಥ ಕುಂಡವನ್ನು ಎತ್ತಿ ನೋಡಿದರೆ ಹಗುರ. ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿಡುವುದೊಂದೇ ದಾರಿ.

ಹಳೆ ಮಣ್ಣು ಬಿಡಿಸುವಾಗ ಬೇರನ್ನು ನೋಡಿ. ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದು, ಉಜ್ಜಿದರೂ ಕಳಚದಿದ್ದರೆ ಬೇರುಗಂಟು ಜಂತುಹುಳು. ಆ ಮಣ್ಣನ್ನು ಬೇರೆ ಯಾವ ಗಿಡಕ್ಕೂ ಬಳಸಬೇಡಿ.

ನೆರಳುಬಿಸಿಲು:
ಮಧುಕಾಮಿನಿಗೆ ನಿಮ್ಮ ದಿನನಿತ್ಯದ ನೀರೇ ತೊಡಕು. ಇದು ಅಲೆ ಅಲೆಯಾಗಿ ಹೂ ಬಿಡುವ ಗಿಡ: ಸ್ವಲ್ಪ ಒಣಗು ಕಂಡು, ಆಮೇಲೆ ಒಳ್ಳೆಯ ಮಳೆ ಅಥವಾ ನೀರು ಸಿಕ್ಕಾಗ ಹೊಸ ಚಿಗುರಿನ ಜೊತೆ ತುದಿಗಳಲ್ಲಿ ಮೊಗ್ಗು ಇಡುತ್ತದೆ, ಇಡೀ ಗಿಡ ಒಟ್ಟಿಗೆ ಅರಳಿ ಕೆಲವೇ ದಿನದಲ್ಲಿ ಎಸಳು ಚೆಲ್ಲುತ್ತದೆ. ವರ್ಷಕ್ಕೆ ಹಲವು ಸಲ ಹೀಗೆ ಮಾಡಬಲ್ಲದು. ಸದಾ ತೇವದಲ್ಲಿದ್ದರೆ ಎಲೆಯಲ್ಲೇ ಕಾಲ ಕಳೆಯುತ್ತದೆ. ಎಲೆ ಸ್ವಲ್ಪ ಬಾಡುವವರೆಗೆ ನೀರು ತಡೆದು, ಒಮ್ಮೆ ತಳ ಸೇರುವಷ್ಟು ನೀರು ಕೊಡಿ, ಮೂರು ನಾಲ್ಕು ವಾರ ನೋಡಿ.

ಬೇಲಿಯ ಹಾಗೆ ಚಪ್ಪಟೆಯಾಗಿ ಕತ್ತರಿಸುವ ಅಭ್ಯಾಸವಿದ್ದರೆ ಬಿಡಿ. ಹೂ ಬರುವುದು ತುದಿಯಲ್ಲಿ, ತಿಂಗಳಿಗೊಮ್ಮೆ ತುದಿ ಕತ್ತರಿಸಿದರೆ ಹೂ ಎಲ್ಲಿಂದ ಬರಬೇಕು? ಬೀಜದಿಂದ ಎದ್ದ ಗಿಡವಾದರೆ ಹೂವಿಗೆ ಇನ್ನೂ ಕೆಲವು ವರ್ಷ ಕಾಯಬೇಕಾಗಬಹುದು, ಗೂಟಿಯಿಂದ (ಕೊಂಬೆ ಗಿಡದಲ್ಲಿರುವಾಗಲೇ ತೊಗಟೆ ಸುಲಿದು ಬೇರು ಬರಿಸುವ ಕ್ರಮ) ಮಾಡಿದ್ದು ಬೇಗ.

ಮಣ್ಣಿನಮಾತು:
ನೀರು ತಡೆಯುವ ವಿಷಯದಲ್ಲಿ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ನೆಲದಲ್ಲಿ ಬೇರೂರಿದ ಗಿಡಕ್ಕೆ ಇದು ಸರಿ. ಕುಂಡದ ಗಿಡಕ್ಕೆ ಬಿರುಬೇಸಗೆಯಲ್ಲಿ ಬಾಡುವವರೆಗೆ ಕಾಯುವುದು ಅಪಾಯ. ಕಪ್ಪು ಪ್ಲಾಸ್ಟಿಕ್ ಕುಂಡದ ಬದಿ ಬಿಸಿಲಿಗೆ ಕಾದು ಅಂಚಿನ ಬೇರು ಬೇಯುತ್ತದೆ, ಒಣ ಮಣ್ಣಿನಲ್ಲಿ ಇನ್ನೂ ಬೇಗ. ನಡುಹಗಲು ಬಾಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬೆಳಿಗ್ಗೆ ಎದ್ದಾಗಲೂ ಎಲೆ ಜೋತಿದ್ದರೆ ಅದು ಮಿತಿ, ಅಲ್ಲಿಂದ ಮುಂದೆ ಹೋಗಬಾರದು.

ನೆರಳುಬಿಸಿಲು:
ಒಪ್ಪುತ್ತೇನೆ. ಬೆಳಗಿನ ಎಲೆ ನೋಡಿ ನಿರ್ಧರಿಸುವುದೇ ಸರಿಯಾದ ಅಳತೆ. ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಟ್ಟು ನಡುವೆ ಒಣ ಎಲೆ ತುಂಬಿದರೆ ಬದಿ ಕಾಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಿಂಬೆ, ಕಿತ್ತಳೆ ಗಿಡ ಇದ್ದವರು ಮಧುಕಾಮಿನಿಯನ್ನು ಪಕ್ಕದಲ್ಲಿ ನೆಡಬೇಡಿ. ಇವು ಒಂದೇ ಕುಟುಂಬದವು. ನಿಂಬೆ ಜಾತಿಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಾ ಕೀಟಕ್ಕೆ ಮಧುಕಾಮಿನಿಯ ಎಳೆ ಚಿಗುರು ಬಹಳ ಇಷ್ಟ. ಚಿಗುರಿನಲ್ಲಿ ಬಿಳಿ ಮೇಣದ ಎಳೆಗಳು, ತಲೆ ತಗ್ಗಿಸಿ ಹಿಂಭಾಗ ಮೇಲೆತ್ತಿ ಕೂತ ಸಣ್ಣ ಕಂದು ಕೀಟ ಕಂಡರೆ ಆ ಚಿಗುರನ್ನು ಕತ್ತರಿಸಿ ಚೀಲಕ್ಕೆ ಹಾಕಿ ಕಟ್ಟಿ. ರೋಗ ತಗುಲಿದ ನಿಂಬೆ ಗಿಡಕ್ಕೆ ವಾಸಿ ಮಾಡುವ ಔಷಧಿ ಇಲ್ಲ.

ಹಸಿರುಕತ್ತರಿ:
ರಾತ್ರಿರಾಣಿ ಸುಲಭ. ಒಂದು ಅಲೆ ಮುಗಿದ ಕೂಡಲೇ ಹೂ ಬಿಟ್ಟ ಕೊಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ, ಗೊಬ್ಬರ ಹಾಕಿ. ನೀರಿಗೂ ಗೊಬ್ಬರಕ್ಕೂ ಹಸಿದ ಗಿಡ ಇದು, 12 ಇಂಚು ಇದಕ್ಕೆ ಇಕ್ಕಟ್ಟು, 16 ಇಂಚಿಗೆ ಬದಲಿಸಿ. ಕತ್ತರಿಸದೆ ಬಿಟ್ಟರೆ ಬಿಳಿ ಕಾಯಿ ಕಟ್ಟುತ್ತದೆ. ಆ ಕಾಯಿ, ಎಲೆ ಎಲ್ಲವೂ ವಿಷ, ಚಿಕ್ಕ ಮಕ್ಕಳು, ಸಾಕುಪ್ರಾಣಿಗಳಿದ್ದರೆ ಕಾಯಿ ಬಲಿಯಲು ಬಿಡಲೇಬೇಡಿ. ಹಕ್ಕಿಗಳು ತಿಂದು ಬೀಜ ಹರಡುತ್ತವೆ, ಬೆಚ್ಚಗಿನ ಹಲವು ಕಡೆ ಇದು ಕಾಡಿಗೆ ನುಗ್ಗಿ ಕಳೆಯಾಗಿದೆ. ಸುವಾಸನೆ ಬಲು ಗಾಢ, ಮಲಗುವ ಕೋಣೆಯ ಕಿಟಕಿಯಿಂದ ನಾಲ್ಕೈದು ಮೀಟರ್ ಆದರೂ ದೂರ ಇರಲಿ. ಹತ್ತಿರವಿದ್ದರೆ ಕೆಲವರಿಗೆ ತಲೆನೋವು ಬರುತ್ತದೆ.

ದಳಮೂರು:
ನನ್ನ ಪ್ರಶ್ನೆ ಬೇರೆ. ಮಲ್ಲಿಗೆಗೆ ಮೊಗ್ಗು ಧಾರಾಳ ಬರುತ್ತದೆ, ಆದರೆ ಅರ್ಧದಷ್ಟು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತವೆ. ಬೇವಿನೆಣ್ಣೆ ಹೊಡೆದರೂ ನಿಂತಿಲ್ಲ.

ಬೇರುಮಟ್ಟ:
ಉದುರಿದ ಮೊಗ್ಗನ್ನು ಉಗುರಿನಿಂದ ಉದ್ದಕ್ಕೆ ಸೀಳಿ, ಬಿಳಿ ಹಾಳೆಯ ಮೇಲಿಡಿ. ಮೂರು ಬೇರೆ ಬೇರೆ ಶತ್ರುಗಳು, ಮೂರಕ್ಕೂ ಉಪಾಯ ಬೇರೆ.

ಬುಡ ಊದಿಕೊಂಡು ನೇರಳೆಯಾದ ಮೊಗ್ಗಿನೊಳಗೆ ಕಾಲಿಲ್ಲದ ಪುಟ್ಟ ಬಿಳಿ ಅಥವಾ ಹಳದಿ ಮರಿಹುಳುಗಳು ಇದ್ದು, ಹಾಳೆಯ ಮೇಲೆ ಮೈ ಬಗ್ಗಿಸಿ ಚಿಮ್ಮಿದರೆ ಅದು ಮೊಗ್ಗಿನ ನೊಣ. ನಿಮ್ಮದು ಇದೇ ಇರಬೇಕು. ಹುಳು ಇರುವುದು ಮೊಗ್ಗಿನೊಳಗೆ, ಮೇಲೆ ಹೊಡೆದ ಎಣ್ಣೆ ಅದಕ್ಕೆ ತಾಗುವುದೇ ಇಲ್ಲ. ಬಲಿತ ಹುಳು ಮಣ್ಣಿಗೆ ಇಳಿದು ಕೋಶವಾಗುತ್ತದೆ, ಅದನ್ನು ಹಿಡಿಯಬೇಕಾದದ್ದು ಅಲ್ಲಿ. ಬಣ್ಣ ಬದಲಾದ ಮೊಗ್ಗನ್ನು ಉದುರುವ ಮುಂಚೆಯೇ ದಿನಾ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ಮೂರು ದಿನ ಬಿಸಿಲಿಗಿಡಿ. ಕಾಂಪೋಸ್ಟಿಗೆ ಎಸೆದರೆ ಸಾಕಿದ ಹಾಗೆ. ಗಿಡದ ಕೆಳಗಿನ ಮಣ್ಣನ್ನು ವಾರಕ್ಕೊಮ್ಮೆ ಒಂದೆರಡು ಇಂಚು ಕೆದಕಿ ಬಿಸಿಲು ತಾಗಿಸಿ, ಬೇವಿನ ಹಿಂಡಿ ಬೆರೆಸಿ. ಕುಂಡವಾದರೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹುಳು ಮಣ್ಣಿಗೆ ಇಳಿಯಲು ಆಗದಂತೆ. ಎರಡು ಮೂರು ವಾರ ಬಿಡದೆ ಮಾಡಿದರೆ ಸಂಖ್ಯೆ ಇಳಿಯುತ್ತದೆ.

ಮೊಗ್ಗಿಗೆ ದುಂಡನೆ ರಂಧ್ರ, ಪಕ್ಕದಲ್ಲಿ ಹಿಕ್ಕೆಯ ಪುಡಿ, ನಾಲ್ಕಾರು ಮೊಗ್ಗು ಸೇರಿಸಿ ನೂಲು ಕಟ್ಟಿದ್ದರೆ ಮೊಗ್ಗು ಕೊರಕ. ಒಂದೇ ಹುಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಆ ಗೊಂಚಲು ಕಿತ್ತು, ಉಳಿದವಕ್ಕೆ ಬಿಟಿ ಪುಡಿ (ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ಲೀಟರಿಗೆ 1ರಿಂದ 2 ಗ್ರಾಂ, ಸಂಜೆ. ಮರಿಹುಳು ಒಳಗೆ ಹೊಕ್ಕುವ ಮುಂಚೆ ತಿಂದರೆ ಮಾತ್ರ ಕೆಲಸ ಮಾಡುತ್ತದೆ, ಹಾಗಾಗಿ ಮೊಗ್ಗು ಅಕ್ಕಿಕಾಳಿನಷ್ಟಿದ್ದಾಗಲೇ.

ಎಲೆಯ ಮೇಲೆ ಹಳದಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಇದ್ದು, ಬಿಳಿ ಹಾಳೆಯ ಮೇಲೆ ಕೊಡವಿದಾಗ ಬಿದ್ದ ಧೂಳು ನಡೆದಾಡಿದರೆ ಕೆಂಪು ನುಸಿ. ಇದಕ್ಕೆ ಮೊದಲ ಮದ್ದು ನೀರು. ಎಲೆಯ ಅಡಿಗೆ ಜೋರಾಗಿ, ಮೂರು ದಿನಕ್ಕೊಮ್ಮೆ, ನಾಲ್ಕು ಸಲ. ಸೆಕೆಯಲ್ಲಿ ಅದರ ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆಯುತ್ತದೆ, ಒಂದೇ ಸಲ ಹೊಡೆದು ಬಿಟ್ಟರೆ ವಾರದಲ್ಲಿ ಮತ್ತೆ ಅಷ್ಟೇ. ನೀರಿನಲ್ಲಿ ಕರಗಿಸುವ ಗಂಧಕ ಲೀಟರಿಗೆ 2 ಗ್ರಾಂ ಕೂಡ ಆಗುತ್ತದೆ. ಆದರೆ ಬಿಸಿಲು 32 ಡಿಗ್ರಿ ದಾಟುವ ದಿನ ಬೇಡ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ. ಎಣ್ಣೆಯೂ ಗಂಧಕವೂ ಸೇರಿದರೆ ಎಲೆ ಸುಡುತ್ತದೆ.

ಬೇವಿನೆಣ್ಣೆ ಬೆರೆಸುವ ಕ್ರಮದಲ್ಲೂ ಬಹಳ ಜನ ಎಡವುತ್ತಾರೆ. 5 ಮಿ.ಲೀ. ಎಣ್ಣೆಗೆ 2 ಮಿ.ಲೀ. ದ್ರವ ಸೋಪು ಮೊದಲು ಕಲಸಿ, ಆಮೇಲೆ ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಒಂದು ಲೀಟರ್ ಮಾಡಿ. ಹಾಲಿನಂತಾಗಬೇಕು. ಮೇಲೆ ಎಣ್ಣೆಯ ಬೊಟ್ಟು ತೇಲಿದರೆ ಸಿಂಪಡಿಸಬೇಡಿ.

ತಾರಸಿಬೆಳಕು:
ಹೂ ಬಿಡುತ್ತದೆ, ಪರಿಮಳ ಮಾತ್ರ ಕಡಿಮೆ ಎನ್ನುವುದಕ್ಕೆ ಏನು ಕಾರಣ?

ನೆರಳುಬಿಸಿಲು:
ಮೊದಲು ಯಾವ ಹೊತ್ತಿಗೆ ಮೂಸುತ್ತೀರಿ ನೋಡಿ. ಮಲ್ಲಿಗೆ, ರಾತ್ರಿರಾಣಿ, ಪಾರಿಜಾತ ಇವೆಲ್ಲ ಇಳಿಹೊತ್ತಿನ ಮೇಲೆ ಅರಳುವವು. ರಾತ್ರಿ ಹಾರುವ ಪತಂಗಗಳನ್ನು ಕರೆಯಲು ಬಿಳಿ ಬಣ್ಣ, ಇರುಳಿನ ಪರಿಮಳ. ಮಲ್ಲಿಗೆಯ ಗಂಧದ ದೊಡ್ಡ ಪಾಲು ಬೆಂಜೈಲ್ ಅಸಿಟೇಟ್ ಎಂಬ ಬೇಗ ಆರಿಹೋಗುವ ವಸ್ತು, ಮಧ್ಯಾಹ್ನದ ಗಾಳಿಗೆ ನಿಲ್ಲುವುದಿಲ್ಲ. ರಾತ್ರಿಯೂ ಮಂದವಾಗಿದ್ದರೆ ಬಿಸಿಲು ಸಾಲದೆ ಗಿಡದಲ್ಲಿ ಸಕ್ಕರೆ ಕಡಿಮೆ, ಅಥವಾ ಬೇರು ಒಣಗಿದೆ. ಗೋಡೆಯ ಮೂಲೆಯಂಥ, ಗಾಳಿ ಸ್ವಲ್ಪ ನಿಲ್ಲುವ ಜಾಗದಲ್ಲಿಟ್ಟರೆ ಅದೇ ಗಿಡದ ಪರಿಮಳ ದುಪ್ಪಟ್ಟಾಗಿ ತೋರುತ್ತದೆ.

ದಳಮೂರು:
ಗಂಧರಾಜಕ್ಕೆ ಗೂಟಿ ಕಟ್ಟಿದರೆ ಬೇರಿನ ಬದಲು ಗಂಟು ಮಾತ್ರ ಬರುತ್ತದೆ. ಯಾಕೆ?

ಹಸಿರುಕತ್ತರಿ:
ತೊಗಟೆ ತೆಗೆದ ಮೇಲೆ ಉಳಿಯುವ ಹಸಿರು ಜಾರುವ ಪೊರೆಯನ್ನು ಕೆರೆದಿರುವುದಿಲ್ಲ. ಅದು ಉಳಿದರೆ ಗಾಯದ ಎರಡು ಅಂಚೂ ಮತ್ತೆ ಕೂಡಿಕೊಳ್ಳುತ್ತವೆ, ಬೇರು ಬಿಡುವ ಅಗತ್ಯ ಗಿಡಕ್ಕೆ ಬರುವುದಿಲ್ಲ. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಗೆಣ್ಣಿನ ಕೆಳಗೆ 2.5 ಸೆಂ.ಮೀ. ಅಗಲ ತೊಗಟೆಯ ಉಂಗುರ ತೆಗೆದು, ಒಳಗಿನ ಕಟ್ಟಿಗೆ ಒಣ ಬಿಳುಪು ಕಾಣುವವರೆಗೆ ಚಾಕುವಿನ ಬೆನ್ನಿನಿಂದ ಕೆರೆಯಿರಿ. ಬೇರು ಬರಿಸುವ ಹಾರ್ಮೋನ್ ಪುಡಿ ಹಚ್ಚುವುದು ಮೇಲಿನ ಅಂಚಿಗೆ ಮಾತ್ರ, ಬೇರು ಬರುವುದು ಅಲ್ಲಿಂದಲೇ. ನೆನೆಸಿದ ಪಾಚಿಯನ್ನು (ಸ್ಫ್ಯಾಗ್ನಮ್ ಮಾಸ್) ಹನಿ ಬೀಳದಷ್ಟು ಹಿಂಡಿ ಮುಷ್ಟಿಗಾತ್ರ ಕಟ್ಟಿ. ನೀರು ಹೆಚ್ಚಾದರೆ ಕಪ್ಪಾಗಿ ಕೊಳೆಯುತ್ತದೆ. ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಗಾಳಿಯಾಡದಂತೆ ಬಿಗಿಯಿರಿ. ಮಳೆಗಾಲದಲ್ಲಿ ಆರರಿಂದ ಎಂಟು ವಾರ. ಬಿಳಿ ಬೇರು ಕಂಡ ದಿನವೇ ಕತ್ತರಿಸಬೇಡಿ, ಅದು ಕವಲೊಡೆಯಲಿ. ಕತ್ತರಿಸಿದ ಮೇಲೆ ಅರ್ಧ ಎಲೆ ತೆಗೆದು ಎರಡು ಮೂರು ವಾರ ನೆರಳಿನಲ್ಲಿಡಿ.

ಮಲ್ಲಿಗೆಗೆ ಇಷ್ಟು ಶ್ರಮ ಬೇಡ. ಉದ್ದ ಬಳ್ಳಿಯನ್ನು ಬಾಗಿಸಿ, ಒಂದು ಗೆಣ್ಣಿನ ಅಡಿಯ ತೊಗಟೆ ಗೀರಿ, ಪಕ್ಕದ ಕುಂಡದ ಮಣ್ಣಿನಲ್ಲಿ ಎರಡು ಇಂಚು ಹೂತು ಕಲ್ಲು ಹೇರಿದರೆ ಎರಡು ಮೂರು ತಿಂಗಳಲ್ಲಿ ಬೇರೆ ಗಿಡ.

ಇಬ್ಬನಿ:
ಕೊನೆಯದಾಗಿ ಒಂದು. ಸವರುವುದು, ಮಣ್ಣು ಬದಲಿಸುವುದು, ಗೊಬ್ಬರ ಕೊಡುವುದು ಎಲ್ಲವನ್ನೂ ಒಂದೇ ದಿನ ಮಾಡಬಹುದೇ?

ಮಣ್ಣಿನಮಾತು:
ಮಲ್ಲಿಗೆಗೆ ಮೊದಲೆರಡನ್ನು ಒಂದೇ ದಿನ ಮಾಡಬಹುದು. ಬೋಳಾದ ಗಿಡಕ್ಕೆ ನೀರು ಆವಿಯಾಗುವ ಎಲೆಯೇ ಇಲ್ಲ, ಬೇರು ಕತ್ತರಿಸಿದ್ದನ್ನು ತಡೆದುಕೊಳ್ಳುತ್ತದೆ. ಬೇರಿನ ಮುದ್ದೆಯ ಹೊರಗಿನ ಒಂದು ಇಂಚನ್ನು ಸುತ್ತಲೂ ಸೀಳಿ ತೆಗೆದು, ತಳದಲ್ಲಿ ಸುತ್ತಿಕೊಂಡ ಬೇರು ಬಿಡಿಸಿ ಅದೇ ಕುಂಡಕ್ಕೆ ಹೊಸ ಮಣ್ಣಿನೊಂದಿಗೆ ನೆಡಿ: ತೋಟದ ಮಣ್ಣು ಎರಡು ಪಾಲು, ಎರೆಗೊಬ್ಬರ ಒಂದು, ದಪ್ಪ ಮರಳು ಒಂದು. ಎರಡು ವರ್ಷಕ್ಕೊಮ್ಮೆ ಇದು ಬೇಕು. ನಾನು ಮೇಲೆ ಹೇಳಿದ ಎರಡು ಹಿಡಿ ಗೊಬ್ಬರ ಮಣ್ಣು ಬದಲಿಸದ ಗಿಡಕ್ಕೆ. ಈಗ ಮಣ್ಣಿನಲ್ಲೇ ಎರೆಗೊಬ್ಬರ ಇದೆ, ಬೇವಿನ ಹಿಂಡಿ ಮಾತ್ರ ಬೆರೆಸಿ. ನೀರಿನಲ್ಲಿ ಕರಗುವ ಗೊಬ್ಬರ ಚಿಗುರು ಬಂದ ಮೇಲೆ.

ಗಂಧರಾಜಕ್ಕೆ ಮೂರನ್ನೂ ಒಟ್ಟಿಗೆ ಮಾಡಬೇಡಿ. ಈಗ ಮಣ್ಣು ಮಾತ್ರ ಬದಲಿಸಿ, ಇರುವ ಮೊಗ್ಗು ಕಿತ್ತುಬಿಡಿ, ಹೇಗೂ ಉದುರುತ್ತವೆ. ಹತ್ತು ದಿನ ನೆರಳು, ಆಮೇಲೆ ಬೆಳಗಿನ ಬಿಸಿಲಿನ ಜಾಗ. ಕಬ್ಬಿಣ ಮೂರು ವಾರದ ನಂತರ, ಅದೂ ಹೊಸ ಎಲೆ ಮತ್ತೆ ಹಳದಿಯಾಗಿ ಬಂದರೆ ಮಾತ್ರ.